ಪ್ರಾಕ್ಸಿವಾನ್ ಕೇಳುವವರಿಗೆ ಯಾರೂ ಹೇಳದ ಕಥೆ

ಪ್ರಾಕ್ಸಿವಾನ್ ಎಂಬ ನೋವಿನ ಕ್ಯಾಪ್ಸೂಲ್ ನಿಂತು ಹತ್ತು ವರ್ಷಗಳ ಮೇಲಾಯಿತು. ಆದರೂ ಶಿರಸಿ, ಸಿದ್ದಾಪುರದ ಔಷಧ ಅಂಗಡಿಗಳಲ್ಲಿ ಅದನ್ನು ಹೆಸರು ಹಿಡಿದು ಕೇಳುವವರು ಇದ್ದಾರೆ. ಹೆಚ್ಚಿನವರು ವಯಸ್ಸಾದವರು. ಮರ ಹತ್ತಿ ಹತ್ತಿ ಮಂಡಿ ಸವೆಸಿಕೊಂಡ ಕೊನೆಗೌಡರು, ಕೊಯ್ಲಿನ ತಿಂಗಳುಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದು ಸೊಂಟ ಕಳೆದುಕೊಂಡ ಹೆಂಗಸರು. ಘಟ್ಟ ಇಳಿದರೆ ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿದವರು. ‘ಅದು ಬಂದ್ ಆಗಿದೆ ಅಜ್ಜ’ ಎಂದು ಅಂಗಡಿಯವರು ಹೇಳುತ್ತಾರೆ. ಯಾಕೆ ಬಂದ್ ಆಯಿತು ಎಂದು ವಿವರಿಸುವ ಪುರುಸೊತ್ತು ಅವರಿಗಿಲ್ಲ, ಡಾಕ್ಟರರಿಗೂ ಇರಲಿಲ್ಲ.

ಆ ಕ್ಯಾಪ್ಸೂಲಿನಲ್ಲಿ ಇದ್ದದ್ದು ಎರಡು ವಸ್ತು. ಒಂದು ನಮಗೆಲ್ಲ ಗೊತ್ತಿರುವ ಪ್ಯಾರಸಿಟಮಾಲ್. ಇನ್ನೊಂದು ಡೆಕ್ಸ್‌ಟ್ರೋಪ್ರೊಪಾಕ್ಸಿಫೀನ್, ಅಫೀಮಿನಿಂದ ಬರುವ ಮಾರ್ಫಿನ್‌ನ ದೂರದ ನೆಂಟ. 1957ರಲ್ಲಿ ಅಮೆರಿಕದ ಇಲೈ ಲಿಲ್ಲಿ ಕಂಪನಿ ಅದನ್ನು ಡಾರ್ವಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಬ್ರಿಟನ್ನಿನಲ್ಲಿ ಪ್ಯಾರಸಿಟಮಾಲ್ ಜೊತೆ ಸೇರಿ ಕೋ-ಪ್ರಾಕ್ಸಮಾಲ್ ಆಯಿತು. ನಮ್ಮಲ್ಲಿ ಪ್ರಾಕ್ಸಿವಾನ್, ಹೊಟ್ಟೆನೋವಿನ ಔಷಧವನ್ನೂ ಬೆರೆಸಿದ ಸ್ಪಾಸ್ಮೋ ಪ್ರಾಕ್ಸಿವಾನ್ ಮುಂತಾದ ಹೆಸರುಗಳು ಬಂದವು. ಮಾದಕವಸ್ತು ಕಾನೂನು ಪ್ರತಿ ಕ್ಯಾಪ್ಸೂಲಿಗೆ ಡೆಕ್ಸ್‌ಟ್ರೋಪ್ರೊಪಾಕ್ಸಿಫೀನ್ 135 ಮಿಲಿಗ್ರಾಂ ಮೀರದ ಮಿಶ್ರಣಗಳಿಗೆ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಮಾರ್ಫಿನ್ನಿಗೆ ಇದ್ದ ಪರವಾನಗಿಯ ಕಾಟ ಇದಕ್ಕಿರಲಿಲ್ಲ. ಊರಿನ ಡಾಕ್ಟರು ಚೀಟಿ ಬರೆದರೆ ಸಾಕಿತ್ತು. ಇನ್ನೊಂದು ನೋವಿನ ಔಷಧ ಡೈಕ್ಲೋಫಿನಾಕ್‌ನಂತೆ ಹೊಟ್ಟೆ ಉರಿಸುವುದಿಲ್ಲ ಎಂಬ ಒಳ್ಳೆಯ ಹೆಸರೂ ಇತ್ತು.

ವಿಚಿತ್ರವೆಂದರೆ ನೋವು ಕಳೆಯುವುದರಲ್ಲಿ ಅದು ಅಂಥ ಗಟ್ಟಿಯಾದ ಔಷಧವೇ ಆಗಿರಲಿಲ್ಲ. ತೊಂಬತ್ತರ ದಶಕದಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ, ಒಂದು ಡೋಸಿನಲ್ಲಿ ಈ ಮಿಶ್ರಣಕ್ಕೂ ಬರಿಯ ಪ್ಯಾರಸಿಟಮಾಲಿಗೂ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಹಾಗಾದರೆ ‘ಅದರಷ್ಟು ಬೇರೆ ಯಾವುದೂ ಹಿಡಿಯುವುದಿಲ್ಲ’ ಎಂದು ಆಣೆ ಹಾಕುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಅಫೀಮಿನ ಬಳಗದ ಔಷಧ ನೋವಿಗಿಂತ ಹೆಚ್ಚಾಗಿ ನೋವಿನ ಬಗೆಗಿನ ತಳಮಳವನ್ನು ತಗ್ಗಿಸುತ್ತದೆ, ನಿದ್ದೆ ತರಿಸುತ್ತದೆ. ವರ್ಷಗಟ್ಟಲೆ ತೆಗೆದುಕೊಂಡು ಒಂದು ದಿನ ಬಿಟ್ಟರೆ ಮೈಕೈ ನೋವು, ಬೆವರು, ಚಡಪಡಿಕೆ ಶುರುವಾಗುತ್ತದೆ. ಮತ್ತೆ ನುಂಗಿದರೆ ಶಮನ. ಬಿಟ್ಟಾಗ ಬರುವ ಈ ಸಂಕಟವನ್ನು ಹಳೆಯ ಸೊಂಟನೋವೇ ಮರಳಿತು ಎಂದುಕೊಳ್ಳುವುದು ಸಹಜ.

ಅಪಾಯ ಇದ್ದದ್ದು ಹೃದಯಕ್ಕೆ. ದೇಹ ಈ ಔಷಧವನ್ನು ಒಡೆದಾಗ ನಾರ್‌ಪ್ರೊಪಾಕ್ಸಿಫೀನ್ ಎಂಬ ವಸ್ತು ಹುಟ್ಟುತ್ತದೆ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 30ರಿಂದ 36 ಗಂಟೆ ಬೇಕು. ದಿನಕ್ಕೆ ಮೂರು ಹೊತ್ತು ನುಂಗುವವರಲ್ಲಿ, ಅದರಲ್ಲೂ ಮೂತ್ರಪಿಂಡ ಸೋತ ಮುದುಕರಲ್ಲಿ, ಅದು ಶೇಖರವಾಗುತ್ತಾ ಹೋಗುತ್ತದೆ. ಹೃದಯದ ಬಡಿತಕ್ಕೆ ಬೇಕಾದ ವಿದ್ಯುತ್ ಸಂಚಾರವನ್ನು ತಾಯಿ ಔಷಧವೂ ಈ ಮರಿಯೂ ಸೇರಿ ನಿಧಾನಗೊಳಿಸುತ್ತವೆ. ಹೆಚ್ಚು ನುಂಗಿ, ಮೇಲೆ ಮದ್ಯವನ್ನೂ ಕುಡಿದರೆ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಬಹುದು. ಅಫೀಮಿನ ವಿಷಕ್ಕೆ ಕೊಡುವ ನಲಾಕ್ಸೋನ್ ಚುಚ್ಚುಮದ್ದು ಉಸಿರನ್ನು ಮರಳಿಸೀತು, ಹೃದಯಕ್ಕೆ ಆದ ಪೆಟ್ಟನ್ನು ಸರಿಪಡಿಸುವುದಿಲ್ಲ.

ಬ್ರಿಟನ್ನಿನಲ್ಲಿ ಕೋ-ಪ್ರಾಕ್ಸಮಾಲ್ ಅತಿಸೇವನೆಯಿಂದ ವರ್ಷಕ್ಕೆ 300ರಿಂದ 400 ಸಾವುಗಳು ಆಗುತ್ತಿದ್ದವು. ಬಹುಪಾಲು ಆತ್ಮಹತ್ಯೆ, ಆದರೆ ಸುಮಾರು ಐದರಲ್ಲೊಂದು ಆಕಸ್ಮಿಕ. 2005ರ ಜನವರಿಯಲ್ಲಿ ಅಲ್ಲಿನ ಸರ್ಕಾರ ಹಿಂತೆಗೆತವನ್ನು ಘೋಷಿಸಿತು. ಆದರೆ ಪರವಾನಗಿಗಳು ರದ್ದಾದದ್ದು 2007ರ ಕೊನೆಗೆ. ನಡುವಿನ ಮೂರು ವರ್ಷ ರೋಗಿಗಳನ್ನು ಬೇರೆ ಔಷಧಕ್ಕೆ ದಾಟಿಸಲು ಕೊಟ್ಟ ಸಮಯ. ಆಮೇಲೂ ಬೇರೆ ಯಾವುದೂ ಒಗ್ಗದ ರೋಗಿಗೆ ವೈದ್ಯರು ತಮ್ಮ ಹೊಣೆಯ ಮೇಲೆ ಬರೆದುಕೊಡುವ ಕಿಂಡಿಯೊಂದು ಉಳಿದಿತ್ತು. ಅಮೆರಿಕ ಇನ್ನೂ ಮೀನಮೇಷ ಎಣಿಸಿತು. 1978ರಲ್ಲೇ ನಿಷೇಧ ಕೋರಿ ಅರ್ಜಿ ಹೋಗಿತ್ತು. 2009ರ ಜನವರಿಯಲ್ಲಿ ತಜ್ಞರ ಸಮಿತಿ 14–12 ಮತಗಳಿಂದ ತೆಗೆಯಿರಿ ಎಂದಿತು, ಔಷಧ ಇಲಾಖೆ ಎಚ್ಚರಿಕೆ ಚೀಟಿ ಅಂಟಿಸಿ ಉಳಿಸಿಕೊಂಡಿತು. ವೈದ್ಯರು ಹೇಳಿದ ಪ್ರಮಾಣದಲ್ಲೇ ತೆಗೆದುಕೊಂಡರೂ ಹೃದಯದ ಇಸಿಜಿ ಬದಲಾಗುತ್ತದೆ ಎಂದು ಹೊಸ ಪರೀಕ್ಷೆ ತೋರಿಸಿದ ಮೇಲಷ್ಟೇ, 2010ರ ನವೆಂಬರ್ 19ರಂದು, ಅಲ್ಲಿ ಮಾರಾಟ ನಿಂತಿತು.

ನಮ್ಮ ಸರದಿ 2013ರ ಮೇ 23ರಂದು ಬಂತು. ಔಷಧ ಮತ್ತು ಪ್ರಸಾಧನ ಕಾಯ್ದೆಯ 26ಎ ಕಲಮಿನಡಿ ಒಂದು ಅಧಿಸೂಚನೆ, ಅಷ್ಟೇ. ಅದರ ಬೆನ್ನಿಗೇ ಜೂನ್‌ನಲ್ಲಿ ಅನಾಲ್ಜಿನ್ ಎಂಬ ಇನ್ನೊಂದು ನೋವಿನ ಔಷಧವನ್ನೂ ತಡೆಹಿಡಿದರು. ಅದು ಮರುವರ್ಷವೇ ಷರತ್ತಿನೊಂದಿಗೆ ಮರಳಿತು. ಪ್ರಾಕ್ಸಿವಾನ್ ನಿಷೇಧದಲ್ಲಿ ತಪ್ಪಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಮಿಜೋರಾಂ, ನಾಗಾಲ್ಯಾಂಡ್‌ಗಳಲ್ಲಿ ಹುಡುಗರು ಸ್ಪಾಸ್ಮೋ ಪ್ರಾಕ್ಸಿವಾನಿನ ಪುಡಿಯನ್ನು ಕಲಸಿ ನರಕ್ಕೆ ಚುಚ್ಚಿಕೊಂಡು, ಕೈಕಾಲು ಕೊಳೆತು ನರಳಿದ್ದು ಸಣ್ಣ ವಿಷಯವಲ್ಲ. ತಪ್ಪಿದ್ದದ್ದು ರೀತಿಯಲ್ಲಿ. ಹತ್ತಾರು ವರ್ಷ ಚೀಟಿಯ ಮೇಲೆ ನುಂಗಿದವರಿಗೆ ಬ್ರಿಟನ್ನು ಮೂರು ವರ್ಷ ಕೊಟ್ಟಿತ್ತು. ಇಲ್ಲಿ ಅವರಿಗೆ ವಿಷಯ ತಿಳಿದದ್ದು ಅಂಗಡಿಯ ಕಟ್ಟೆಯ ಮೇಲೆ.

ತೆರವಾದ ಜಾಗ ಖಾಲಿ ಉಳಿಯಲಿಲ್ಲ. ಅದೇ ಬಗೆಯ ಹೆಸರುಗಳಲ್ಲಿ ಟ್ರಾಮಡಾಲ್ ಬಂದು ಕುಳಿತಿತು. ಅದೂ ಅಫೀಮಿನ ಬಳಗದ್ದೇ. ಚಟ ಹಿಡಿಸುತ್ತದೆ, ಹೆಚ್ಚಾದರೆ ಫಿಟ್ಸ್ ಬರಿಸುತ್ತದೆ. 2018ರ ಏಪ್ರಿಲ್‌ನಲ್ಲಿ ಅದನ್ನೂ ಮಾದಕವಸ್ತು ಕಾನೂನಿನ ಪಟ್ಟಿಗೆ ಸೇರಿಸಲಾಯಿತು. ಅಲ್ಲಿಂದ ಅನೇಕ ಅಂಗಡಿಗಳು ಲೆಕ್ಕಪತ್ರದ ಕಿರಿಕಿರಿಗೆ ಅದನ್ನು ಇಡುವುದನ್ನೇ ಬಿಟ್ಟವು. ಉಳಿದದ್ದು ಡೈಕ್ಲೋಫಿನಾಕ್ ಇಂಜೆಕ್ಷನ್, ಅದನ್ನು ತಿಂಗಳುಗಟ್ಟಲೆ ಚುಚ್ಚಿಸಿಕೊಂಡರೆ ಮೂತ್ರಪಿಂಡಕ್ಕೆ ಸಂಚಕಾರ.

ಇಲ್ಲಿ ಉತ್ತರ ಕನ್ನಡದ ಹಳೆಯ ಗಾಯ ಸೇರಿಕೊಳ್ಳುತ್ತದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ, ನಿಜ. ಆದರೂ ದೊಡ್ಡ ಕಾಯಿಲೆಗೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕುಮಟಾ ಹೊನ್ನಾವರದವರು ಮಣಿಪಾಲ ಮಂಗಳೂರಿಗೆ, ಕಾರವಾರದವರು ಗೋವಾದ ಬಾಂಬೋಳಿಗೆ ಓಡುವುದು ತಪ್ಪಿಲ್ಲ. ಸುಸಜ್ಜಿತ ಆಸ್ಪತ್ರೆ ಕೊಡಿ ಎಂಬ ಕೂಗು 2019ರಲ್ಲಿ ಜಿಲ್ಲೆಯಾದ್ಯಂತ ಎದ್ದದ್ದು ಅಪಘಾತ, ಹೃದಯಾಘಾತಗಳ ನೆಪದಲ್ಲಿ. ನೋವಿಗಾಗಿ ಯಾರೂ ಕೂಗು ಹಾಕುವುದಿಲ್ಲ. ನೋವಿನಿಂದ ಆಂಬುಲೆನ್ಸ್‌ನಲ್ಲಿ ಸಾಯುವವರಿಲ್ಲವಲ್ಲ.

ಪ್ರಾಕ್ಸಿವಾನ್ ಗೋವಾದಲ್ಲಿ ಸಿಗುತ್ತದಂತೆ ಎಂಬ ಮಾತು ಕಾರವಾರದ ಕಡೆ ಕಿವಿಗೆ ಬೀಳುತ್ತದೆ. ಮಾಜಾಳಿ ಗಡಿ ದಾಟಿದರೆ ಮದ್ಯದ ಬೆಲೆ ಬದಲಾಗುತ್ತದೆ, ಈ ನಿಷೇಧ ಬದಲಾಗುವುದಿಲ್ಲ, ಅದು ಕೇಂದ್ರದ್ದು. ಕದ್ದು ಮಾರುವ ಸ್ಟ್ರಿಪ್ಪಿನಲ್ಲಿ ಏನಿದೆ ಎಂದು ಯಾರು ಹೇಳಬೇಕು? ವಿದೇಶದಿಂದ ಸ್ವಂತ ಬಳಕೆಗೆ ಔಷಧ ತರಿಸಲು 12ಎ ನಮೂನೆಯ ಅರ್ಜಿ ಇದೆ, ಆದರೆ ಅದು ಮುಖ್ಯವಾಗಿ ಹೊರಗೆ ಅನುಮೋದನೆ ಇದ್ದು ಇಲ್ಲಿ ಸಿಗದ ಔಷಧಗಳಿಗೆ ನೆರವಾಗುವ ದಾರಿ. ಇದಕ್ಕೆ ಅದನ್ನು ನೆಚ್ಚಿಕೊಳ್ಳಬಾರದು.

ನರ ಒತ್ತಿ ಬರುವ ಸೊಂಟನೋವಿಗೆ, ಸವೆದ ಮಂಡಿಗೆ, ಕ್ಯಾನ್ಸರ್ ನೋವಿಗೆ ಚಿಕಿತ್ಸೆ ಒಂದೇ ಅಲ್ಲ. ಮೊದಲನೆಯದಕ್ಕೆ ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್‌ನಂಥವು ಇವೆ. ಮಂಡಿಗೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವೇ ಅರ್ಧ ಔಷಧ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆಯೇ ಇದೆ. ಮಾದಕವಸ್ತು ಕಾನೂನಿನ 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಹಳೆಯ ಹಲವು ಪರವಾನಗಿಗಳಿಲ್ಲದೆ ಇಟ್ಟುಕೊಳ್ಳಬಹುದು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುವಾಗ ಹಳೆಯ ಚೀಟಿ, ಖಾಲಿ ಸ್ಟ್ರಿಪ್ಪುಗಳನ್ನು ಕೈಚೀಲಕ್ಕೆ ಹಾಕಿಕೊಳ್ಳಿ. ಮೊದಲು ಏನನ್ನು ಎಷ್ಟು ವರ್ಷ ನುಂಗಿದ್ದಿರಿ, ಈಗ ಏನು ನುಂಗುತ್ತಿದ್ದೀರಿ, ಬಿಟ್ಟಾಗ ಏನಾಗುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿ. ಟ್ರಾಮಡಾಲ್ ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಹಂತ ಹಂತವಾಗಿ ಇಳಿಸಲು ಡಾಕ್ಟರಿಗೆ ಆ ಲೆಕ್ಕ ಬೇಕು.