ಬಸ್ಸಿನ ಬಾಲದ ‘ಉ’

ಕಲಬುರಗಿಯಲ್ಲಿ ಮಕ್ಕಳ ಇಂಗ್ಲಿಷಿನ ಮಾತು ಬಂದರೆ ಮೊದಲು ಬೈಸಿಕೊಳ್ಳುವುದು ಮನೆಮಾತು. ‘ಮನ್ಯಾಗ ಕನ್ನಡ ಬಿಡ್ರಿ, ತಾನ ಇಂಗ್ಲಿಷ್ ಬರ್ತದ’ ಎಂಬ ಉಪದೇಶ ಪುಕ್ಕಟೆ ಸಿಗುತ್ತದೆ. ಗ್ರಹಣದ ದಿನ ಊಟ ಬಿಟ್ಟಂಗೆ ಇದು: ಬಿಟ್ಟವರಿಗೆ ಸಮಾಧಾನ, ಸೂರ್ಯನಿಗೆ ಸಂಬಂಧವಿಲ್ಲ.

ಉಪದೇಶಕರು ತೋರಿಸುವ ಸಾಕ್ಷಿ ಉಚ್ಚಾರ. ಕನ್ನಡದ ಮನೆಯ ಹುಡುಗ ‘ಬಸ್ಸು’, ‘ಕಾರು’ ಅನ್ನುತ್ತಾನೆ. ದಖನಿ, ಅಂದರೆ ಈ ಕಡೆಯ ಉರ್ದು, ಆಡುವ ಮನೆಯ ಹುಡುಗಿ ‘ಇಸ್ಕೂಲ್’, ‘ಇಸ್ಟೇಷನ್’ ಅನ್ನುತ್ತಾಳೆ. ಎರಡೂ ದಡ್ಡತನವಲ್ಲ, ವ್ಯಾಕರಣ. ದಖನಿಯ ನಾಲಿಗೆ ಪದದ ಮೊದಲಿಗೇ ‘ಸ್ಕ’, ‘ಸ್ಟ’ ಬಂದರೆ ಮುಂದೊಂದು ‘ಇ’ ಮೆಟ್ಟಿಲು ಹಾಕಿಕೊಳ್ಳುತ್ತದೆ. ಲ್ಯಾಟಿನ್ನಿನ ‘ಸ್ಕೋಲಾ’ ಸ್ಪ್ಯಾನಿಷ್‌ನಲ್ಲಿ ‘ಎಸ್ಕ್ವೇಲಾ’ ಆದದ್ದೂ ಹೀಗೇ. ಕನ್ನಡದ ಕೆಲಸ ಬಾಲದಲ್ಲಿ. ತೊಗರಿ ಚೀಲದ ಬಾಯಿ ಹೊಲಿದಂತೆ, ಬಂಡಿಯ ಗಾಲಿಗೆ ಕಡೆಗೀಲು ಜಡಿದಂತೆ, ಕೊನೆಯ ವ್ಯಂಜನಕ್ಕೆ ಒಂದು ‘ಉ’.

ಆದರೆ ‘ಬಸ್ಸು’ವಿಗೆ ಒತ್ತು ಏಕೆ, ‘ಕಾರು’ವಿಗೆ ಏಕಿಲ್ಲ? ಇಂಥ ಒಂದೇ ಸ್ವರದ ಪದದಲ್ಲಿ ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿ, ದೀರ್ಘವಾದರೆ ಒಂಟಿ. ಕಲ್ಲು–ಕಾಲು, ಹಲ್ಲು–ಹಾಲು ನೋಡಿ, ಅದೇ ಲೆಕ್ಕ. ಹಳಗನ್ನಡದಲ್ಲಿ ಇವು ಕಲ್, ಕಾಲ್, ಪಲ್, ಪಾಲ್. ಅಂದರೆ 9ನೇ ಶತಮಾನದಲ್ಲಿ, ಸೇಡಂ ಕಡೆಯ ಮಳಖೇಡದಲ್ಲಿ ಅಮೋಘವರ್ಷ ಆಳುವಾಗ, ‘ಕವಿರಾಜಮಾರ್ಗ’ದ ಕನ್ನಡಕ್ಕೆ ಈ ‘ಉ’ ಬೇಕಿರಲಿಲ್ಲ. ‘ಕಾರ್’ ಎಂಬ ಪದವೂ ಇತ್ತು, ಅರ್ಥ ಮಳೆಗಾಲ. ಕಾರಹುಣ್ಣಿಮೆಯಲ್ಲಿ ಇನ್ನೂ ಉಳಿದಿದೆ. ನಾಲಿಗೆಯ ರೂಢಿ ಬದಲಾಗುತ್ತದೆ, ಅಷ್ಟೇ.

ಈ ಬಾಲಕ್ಕೂ ಓದಿ ತಿಳಿಯುವ ಶಕ್ತಿಗೂ ನಂಟಿಲ್ಲ. ಪರೀಕ್ಷಿಸಬೇಕೆ? ಹತ್ತು ಸಾಲಿನ ಇಂಗ್ಲಿಷ್ ಪಾಠ ಕೊಟ್ಟು ಮನಸ್ಸಿನಲ್ಲೇ ಓದಿಸಿ, ಪುಸ್ತಕ ಮುಚ್ಚಿಸಿ, ಸಾರಾಂಶವನ್ನು ಮನೆಮಾತಿನಲ್ಲಿ ಕೇಳಿ. ಗಟ್ಟಿಯಾಗಿ ಓದಿಸಬೇಡಿ, ಒಂದಕ್ಷರ ತಿಳಿಯದೆಯೂ ಗಡಗಡ ಓದುವವರಿದ್ದಾರೆ. ಸಾರಾಂಶ ಬಂದರೆ ತಿಳಿವಳಿಕೆ ಇದೆ, ಬೇಕಾದದ್ದು ಮಾತಿನ ರೂಢಿ. ಬರದಿದ್ದರೆ ಅಷ್ಟೇ ಕಠಿಣದ ಕನ್ನಡ ಪಾಠ ಕೊಡಿ. ಅಲ್ಲೂ ಸಿಕ್ಕಿಬಿದ್ದರೆ ಕೊರತೆ ಇಂಗ್ಲಿಷಿನದಲ್ಲ, ಓದಿನದು. ಕನ್ನಡ ಸಾಲಿಯಲ್ಲಿ ಕಲಿತಿರದ ಮಗುವಿಗೆ ಮಾತ್ರ ಈ ಎರಡನೇ ಹೆಜ್ಜೆ ಅನ್ಯಾಯ.

‘ಮನೆಮಾತು ಯಾವುದು’ ಎಂಬ ಪ್ರಶ್ನೆಯೂ ಸೋಸಬೇಕಾದದ್ದೇ. ಜನಗಣತಿಯ ಪ್ರಕಾರ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆಡಿಸಿದ ಭಾಷೆ. ಒಬ್ಬರಿಗೆ ಒಂದೇ ಖಾನೆ. ಬೀದರಿನಲ್ಲಿ ಈ ಖಾನೆ ಹರಿದುಹೋಗುತ್ತದೆ: ಕನ್ನಡ, ಮರಾಠಿ, ತೆಲುಗು, ಉರ್ದು ಒಂದೇ ಓಣಿಯಲ್ಲಿ, ‘ಬೇಡ’ ಎನ್ನುವ ದಖನಿಯ ‘ನಕ್ಕೋ’ ಕೂಡ ಮರಾಠಿಯ ‘ನಕೋ’. ಲಂಬಾಣಿಯನ್ನಂತೂ 2011ರ ಗಣತಿ ಹಿಂದಿಯ ಪಟ್ಟಿಗೆ ಸೇರಿಸಿದೆ. ಯಾದಗಿರಿಯ ತಾಂಡಾದ ಮಗು ಕಾಗದದಲ್ಲಿ ಹಿಂದಿ, ತರಗತಿಯಲ್ಲಿ ಕನ್ನಡ. ಇಂಗ್ಲಿಷ್ ಪದಕ್ಕೆ ಮಾಸ್ತರರು ಹೇಳುವ ಕನ್ನಡ ಅರ್ಥವೇ ಅದಕ್ಕೆ ಹೊಸ ಪದ. ಒಂದು ಬೀಗಕ್ಕೆ ಕೀಲಿ ಕೇಳಿದರೆ ಇನ್ನೊಂದು ಬೀಗ ಕೊಟ್ಟಂತೆ. ಆದ್ದರಿಂದ ಒಂದಲ್ಲ, ಮೂರು ಕೇಳಿ: ಅವ್ವನ ಕೂಡ ಯಾವ ಮಾತು, ಗೆಳೆಯರ ಕೂಡ ಯಾವುದು, ಎಣಿಸುವಾಗ ಯಾವುದು?