ಸೆಕೆಂಡಿಗೆ ಎಷ್ಟು ಏಟು?

ನಾನೂ ನನ್ನ ಗೆಳೆಯನೂ ಹದಿನೈದು ವರ್ಷದಿಂದ ಇಂಡಸ್ಟ್ರಿಯಲ್ ಸಂಗೀತ, ಅಂದರೆ ಯಂತ್ರದ, ಕಬ್ಬಿಣದ ಕರ್ಕಶ ಸದ್ದಿನಿಂದಲೇ ಕಟ್ಟುವ ಸಂಗೀತ, ಕೇಳುತ್ತಿದ್ದೇವೆ. ಹೊರಗಿನವರ ಕಣ್ಣಿಗೆ ನಾವಿಬ್ಬರೂ ಒಂದೇ, ಗದ್ದಲದ ಗಿರಾಕಿಗಳು. ಹೋದ ತಿಂಗಳು ಸುಮ್ನೆ ಕುತೂಹಲಕ್ಕೆ ಇಷ್ಟದ ಹತ್ತು ಹತ್ತು ಆಲ್ಬಂ ಬರೆದು ಪಟ್ಟಿ ಅದಲುಬದಲು ಮಾಡಿಕೊಂಡೆವು. ಎರಡರಲ್ಲೂ ಸಿಕ್ಕಿದ್ದು ಒಂದೇ ಹೆಸರು, ಥ್ರಾಬಿಂಗ್ ಗ್ರಿಸಲ್ ಅನ್ನುವ ಬ್ಯಾಂಡು. ಅದರಲ್ಲೂ ಅವನದು ಒಂದು ಆಲ್ಬಂ, ನನ್ನದು ಇನ್ನೊಂದು!

ಅವನ ಪಟ್ಟಿಯ ತುಂಬ ಬರ್ಲಿನ್ನಿನ ಐನ್‌ಸ್ಟ್ಯುರ್ಟ್ಸೆಂಡೆ ನಾಯ್‌ಬೌಟೆನ್, ಲಂಡನ್ನಿನ ಟೆಸ್ಟ್ ಡಿಪಾರ್ಟ್‌ಮೆಂಟ್, ಬೆಲ್ಜಿಯಮ್ಮಿನ ಫ್ರಂಟ್ 242. ನನ್ನದರಲ್ಲಿ ಟೋಕಿಯೋದ ಮೆರ್ಜ್‌ಬೌ ಒಬ್ಬನದೇ ನಾಲ್ಕು. ನನ್ನದನ್ನು ಎರಡು ನಿಮಿಷ ಕೇಳಿ ಹೆಡ್‌ಫೋನ್ ಕಿತ್ತಿಟ್ಟ. "ಇದರಲ್ಲೇನಿದೆ ಗುರು? ಟಿವಿ ಕೇಬಲ್ ಕಿತ್ತುಹೋದ ಹಾಗಿದೆ." ಅವನದನ್ನು ಕೇಳಿ ನಾನೂ ಬಿಡಲಿಲ್ಲ. ಗುಜರಿ ಅಂಗಡಿಗೆ ಡ್ರಿಲ್ ಮಾಸ್ತರನ್ನು ಇಟ್ಟ ಹಾಗಿದೆ ಅಂದೆ.

ಅವರವರ ರುಚಿ ಅಂತ ಬಿಡಬಹುದಿತ್ತು. ಆದರೆ ಎರಡು ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಿಷಯ ಹೊಳೆಯಿತು. ದೇಶ, ವರ್ಷ, ಬ್ಯಾಂಡು ಯಾವುದೂ ಇಲ್ಲಿ ಮುಖ್ಯವಲ್ಲ. ನೋಡಬೇಕಾದದ್ದು ಶಬ್ದ ಸೆಕೆಂಡಿಗೆ ಎಷ್ಟು ಏಟು ಹಾಕುತ್ತದೆ ಅನ್ನುವುದನ್ನು.

ಚಿಕ್ಕವರಿದ್ದಾಗ ಸೈಕಲ್ ಚಕ್ರದ ಕಡ್ಡಿಗೆ ತಾಗುವ ಹಾಗೆ ಇಸ್ಪೀಟ್ ಎಲೆ ಸಿಕ್ಕಿಸಿದ್ದು ನೆನಪಿದೆ ಅಲ್ವಾ? ಹಳೆಯ ಸೈಕಲ್ಲಿನ ಹಿಂದಿನ ಚಕ್ರಕ್ಕೆ 40 ಕಡ್ಡಿ. ಸೈಕಲ್ಲನ್ನು ಮೆಲ್ಲಗೆ ತಳ್ಳಿದರೆ ಟಕ್, ಟಕ್, ಟಕ್. ಬೇಕಿದ್ದರೆ ಎಣಿಸಬಹುದು. ಹತ್ತಿ ತುಳಿದರೆ ಎಣಿಕೆ ತಪ್ಪುತ್ತದೆ. ಗಂಟೆಗೆ ಸುಮಾರು 14 ಕಿಲೋಮೀಟರ್ ವೇಗ ಬಂತು ಅಂದರೆ ಎಲೆಗೆ ಸೆಕೆಂಡಿಗೆ 70 ಏಟು. ಈಗ ಟಕ್ ಇಲ್ಲ, ಬರೀ ಬರ್‍ರ್. ಇಳಿಜಾರಿನಲ್ಲಿ 200 ದಾಟಿದರೆ ಆ ಒರಟು ಕರಗುತ್ತಾ ಬಂದು ಒಂದು ಸ್ವರದ ಹಾಗೆ ಕೇಳುತ್ತದೆ. ಎಲೆ ಅದೇ, ಕಡ್ಡಿ ಅವೇ. ಕಿವಿ ಮಾತ್ರ ಅದನ್ನು ಮೊದಲು ತಾಳ ಅಂದಿತು, ಆಮೇಲೆ ಒರಟು ಅಂದಿತು, ಕೊನೆಗೆ ಸ್ವರ ಅಂದಿತು. ದಪ್ಪ ರವೆ, ಚಿರೋಟಿ ರವೆ, ಮೈದಾ ಇದ್ದ ಹಾಗೆ. ಗೋಧಿ ಒಂದೇ, ನಾಲಿಗೆಗೆ ಮೂರು ಬೇರೆ ಪದಾರ್ಥ. ಹಳೇ ಆಟೋ ಸಿಗ್ನಲ್ಲಿನಲ್ಲಿ ಡುಗು ಡುಗು ಅಂತ ನಿಂತು, ಹಸಿರು ಬಂದ ತಕ್ಷಣ ಗುರ್‍ರ್ ಅನ್ನುವುದೂ ಇದೇ.

ನನ್ನ ಗೆಳೆಯ ಸೆಕೆಂಡಿಗೆ ಎರಡು ಏಟಿನ ಊರಿನವನು. ನಾನು 70ರ ಊರಿನವನು. ಇಬ್ಬರ ಮನೆಗೂ ಅಂಗಡಿಯವರು ಒಂದೇ ಬೋರ್ಡು ಹಾಕಿದ್ದಾರೆ ಅಷ್ಟೇ.

ಈ 70 ಎಲ್ಲಿಂದ ಬಂತು? 1863ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಎರಡು ಹತ್ತಿರದ ಸ್ವರ ಒಟ್ಟಿಗೆ ನುಡಿದಾಗ ಏಳುವ ಮಿಡಿತವೇ ಕರ್ಕಶಕ್ಕೆ ಕಾರಣ ಅಂತ ಬರೆದ. ಸೆಕೆಂಡಿಗೆ ಮೂವತ್ತು ಚಿಲ್ಲರೆ ಮಿಡಿತಕ್ಕೆ ಕಿರಿಕಿರಿ ಜಾಸ್ತಿ ಅನ್ನುವುದು ಅವನ ಅಂದಾಜು. ಮುಂದೆ ಅಳೆದವರಿಗೆ, ಮಧ್ಯದ ಸ್ಥಾಯಿಯ ಸ್ವರಗಳಲ್ಲಿ, ಅದು 70ರ ಸುತ್ತ ಸಿಕ್ಕಿತು.

ಕಿವಿಯೊಳಗೆ ಸುರುಳಿ ಸುತ್ತಿದ ಒಂದು ಪೊರೆ ಇದೆ. ಒಂದೊಂದು ಸ್ವರಕ್ಕೂ ಅದರ ಮೇಲೆ ಒಂದೊಂದು ಜಾಗ. ಆದರೆ ಜಾಗ ಗೆರೆಯಷ್ಟು ಸಣ್ಣದಲ್ಲ, ಬಸ್ ಸೀಟಿನಷ್ಟು ಅಗಲ. ಇಬ್ಬರು ಬೇರೆ ಬೇರೆ ಸೀಟಿನಲ್ಲಿ ಕೂತರೆ ತಂಟೆಯಿಲ್ಲ. ಒಬ್ಬನ ಮಡಿಲಲ್ಲಿ ಒಬ್ಬ ಕೂತರೂ, ಅಮ್ಮ ಮಗು ಕೂತ ಹಾಗೆ, ತಂಟೆಯಿಲ್ಲ. ಒಂದೇ ಸೀಟಿನಲ್ಲಿ ಪಕ್ಕಪಕ್ಕ ಕೂತಾಗ ಮೊಣಕೈ ತಾಗುತ್ತದೆ. ಆ ಮೊಣಕೈ ತಿಕ್ಕಾಟವೇ ನಮಗೆ ಒರಟಾಗಿ ಕೇಳುವುದು.

ಈಗ ಆಂಪ್ಲಿಫೈಯರ್ ತಾಳಲಾರದಷ್ಟು ಜೋರಾಗಿ ಅದರೊಳಗೆ ಶಬ್ದ ತಳ್ಳಿ. ಅಲೆಯ ತಲೆ ಕತ್ತರಿಸಿಹೋಗುತ್ತದೆ. ಅದನ್ನೇ ಡಿಸ್ಟಾರ್ಷನ್ ಅನ್ನುವುದು. ಇಲ್ಲಿ ಒಂದು ಮಜಾ ಇದೆ. ನೀವು ಒಳಗೆ ಬಿಟ್ಟದ್ದು 200 ಮತ್ತು 270 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಎರಡೇ ಸ್ವರ ಅಂತಿಟ್ಟುಕೊಳ್ಳಿ. ಹೊರಗೆ ಬರುವಾಗ ಕರೆಯದೇ ಬಂದ ನೆಂಟರಿರುತ್ತಾರೆ: 70, 130, 340, ಇನ್ನೂ ಹಲವರು. 130, 200, 270, 340 ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬರಿಂದೊಬ್ಬರಿಗೆ ಸರಿಯಾಗಿ 70ರ ಅಂತರ. ಆ ಭಾಗದಲ್ಲಿ ಸೀಟಿನ ಅಗಲ ಸುಮಾರು 100. ಅಂದರೆ ಅಕ್ಕಪಕ್ಕದವರೆಲ್ಲ ಮೊಣಕೈಗೆ ಮೊಣಕೈ. ಎರಡು ಸ್ವರ ಹಾಕಿ ಒಂದು ಬಸ್ಸು ಜಗಳ ತೆಗೆದ ಹಾಗೆ!

ಸ್ವರಕ್ಕೆ ಹೀಗೆ ಬೇಕೆಂತಲೇ ಗಂಟು ಹಾಕುವುದು ಪಶ್ಚಿಮದವರ ಹುಚ್ಚು ಅಂದುಕೊಳ್ಳಬೇಡಿ. ನಮ್ಮ ತಂಬೂರಿಯ ಕುದುರೆಯ (ತಂತಿಗಳನ್ನು ಹೊತ್ತ ಪಟ್ಟಿಯ) ಮೇಲೆ ತಂತಿಯ ಕೆಳಗೆ ಒಂದು ನೂಲಿನೆಳೆ ಸಿಕ್ಕಿಸುತ್ತಾರೆ, ಜೀವಾಳಿ. ಅದಿಲ್ಲದಿದ್ದರೆ ತಂತಿ ಸಪ್ಪೆ. ಇದ್ದರೆ ತಂತಿ ಕುದುರೆಯ ಮೈಗೆ ತಾಗಿ ತಾಗಿ ಝೇಂಕರಿಸುತ್ತದೆ, ಮೂಲ ಸ್ವರದ ಜೊತೆ ಮೇಲಿನ ಸ್ವರಗಳ, ಅಂದರೆ ಉಪಸ್ವರಗಳ, ಹಿಂಡೇ ಏಳುತ್ತದೆ. 1921ರಲ್ಲಿ ಸಿ.ವಿ. ರಾಮನ್ ತಂಬೂರಿ, ವೀಣೆಯ ಕುದುರೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಬರಕೂಡದು ಅಂತ ಹಳೆಯ ನಿಯಮ ಹೇಳುತ್ತಿತ್ತೋ, ಆ ಉಪಸ್ವರವೂ ಇಲ್ಲಿ ಬರುತ್ತಿತ್ತು. ತಂಬೂರಿಯ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಂಡು ಕೂರುತ್ತವೆ, ಮೆರ್ಜ್‌ಬೌನವು ಕೂರುವುದಿಲ್ಲ ಅನ್ನುವುದು ನಿಜ. ಆದರೂ ಶುದ್ಧ ಸ್ವರ ಯಾರಿಗೂ ಬೇಕಾಗಿರಲಿಲ್ಲ.

ಇತಿಹಾಸಕ್ಕೆ ಬಂದರೆ ನಾನು ನಿಲ್ಲುವುದಿಲ್ಲ, ಚುಟುಕಾಗಿ ಹೇಳುತ್ತೇನೆ. 1913ರಲ್ಲಿ ಇಟಲಿಯ ಲುಯಿಜಿ ರುಸ್ಸೋಲೋ ಅನ್ನುವ ಚಿತ್ರಕಾರ, ಯಂತ್ರಗಳ ಗದ್ದಲವೇ ಮುಂದಿನ ಸಂಗೀತ ಅಂತ ಘೋಷಿಸಿ ಮರದ ಪೆಟ್ಟಿಗೆಗಳಲ್ಲಿ ಗದ್ದಲದ ವಾದ್ಯ ಮಾಡಿದ. ಮರುವರ್ಷ ಮಿಲಾನ್‌ನಲ್ಲಿ ಕಛೇರಿ ಇಟ್ಟಾಗ ಹೊಡೆದಾಟವೇ ಆಯಿತು. 1976ರಲ್ಲಿ ಥ್ರಾಬಿಂಗ್ ಗ್ರಿಸಲ್‌ನವರು ಶುರುಮಾಡಿದ ಇಂಡಸ್ಟ್ರಿಯಲ್ ರೆಕಾರ್ಡ್ಸ್‌ನಿಂದ ಈ ಪ್ರಕಾರಕ್ಕೆ ಹೆಸರು ಬಂತು. 1984ರ ಜನವರಿಯಲ್ಲಿ ನಾಯ್‌ಬೌಟೆನ್ನವರು ಲಂಡನ್ನಿನ ಒಂದು ಕಲಾಕೇಂದ್ರದಲ್ಲಿ ಯಂತ್ರ ಹಿಡಿದು ವೇದಿಕೆಯನ್ನೇ ಕೊರೆಯಲು ಹೊರಟರು. ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಮತ್ತೆ ಒರಟಿಗೆ ಬರೋಣ. 2015ರಲ್ಲಿ ಲುಕ್ ಆರ್ನಾಲ್ ಅನ್ನುವ ಸಂಶೋಧಕ ಮತ್ತು ಜೊತೆಗಾರರು ಮನುಷ್ಯರ ಕಿರುಚಾಟವನ್ನು ಅಳೆದರು. ಮಾತಿನಲ್ಲಿ ಶಬ್ದ ಏರಿಳಿಯುವುದು ಸೆಕೆಂಡಿಗೆ ನಾಲ್ಕೈದು ಸಲ. ಕಿರುಚಾಟದಲ್ಲಿ 30ರಿಂದ 150 ಸಲ. ಅಲಾರಂಗಳದೂ ಅದೇ ಜಾಗ. ಅಂದರೆ ಒರಟು ಅನ್ನುವುದು ಅಪಾಯದ ಗಂಟೆ. 2016ರಲ್ಲಿ ಜಾಶ್ ಮೆಕ್‌ಡರ್ಮಟ್ ತಂಡ ಬೊಲಿವಿಯಾದ ಕಾಡಿನ ಚಿಮಾನೆ ಜನರನ್ನು ಕೇಳಿದಾಗ, ಪಾಶ್ಚಾತ್ಯರು ಅಪಸ್ವರ ಅನ್ನುವ ಮೇಳ ಅವರಿಗೆ ಉಳಿದದ್ದರಷ್ಟೇ ಹಿತವಾಗಿತ್ತು. ಆದರೆ ಒರಟು ಶಬ್ದ ಅವರಿಗೂ ಇಷ್ಟವಾಗಲಿಲ್ಲ. ಅಪಸ್ವರ ಅನ್ನುವುದು ಕಲಿತ ಮಾತು, ಕಿರಿಕಿರಿ ಮಾತ್ರ ಹುಟ್ಟಿನಿಂದ ಬಂದದ್ದು ಅಂತ ನಾನು ಓದಿಕೊಂಡಿದ್ದೇನೆ.

ಹಾಗಿದ್ದರೆ ನನಗೇಕೆ ಹಿತ? 2010ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಒಂದು ಪ್ರಯೋಗ ನನಗೆ ತುಂಬ ಪ್ರಿಯ. ಕೇಳುಗರಿಗೆ ಬರೀ ಸೊಯ್ ಅನ್ನುವ ಗದ್ದಲದ ತುಣುಕು ಕೇಳಿಸಿದರು. ಹೇಳದೆಯೇ ಕೆಲವು ತುಣುಕನ್ನು ಮತ್ತೆ ಮತ್ತೆ ತಂದರು. ಕೆಲವೇ ಸಲಕ್ಕೆ ಕಿವಿ ಅವನ್ನು ಗುರುತು ಹಿಡಿಯಿತು, ವಾರಗಳು ಕಳೆದರೂ ಮರೆಯಲಿಲ್ಲ. ನನ್ನ ಗೆಳೆಯನಿಗೆ ಕಿತ್ತುಹೋದ ಕೇಬಲ್ಲಾಗಿ ಕೇಳುವುದರಲ್ಲಿ ನನಗೆ ತಿರುವು, ಹಳ್ಳ, ಮೈಲಿಗಲ್ಲು ಎಲ್ಲ ಇವೆ. ಮುಂದಿನ ತಿರುವು ನನಗೆ ಗೊತ್ತು. ಗಂಟೆ ಬಾರಿಸುತ್ತಲೇ ಇದೆ, ಅಪಾಯ ಮಾತ್ರ ಬರುವುದಿಲ್ಲ. ಖಾರ ತಿಂದು ಮೂಗು ಸೋರಿಸಿಕೊಂಡು ಇನ್ನೊಂದು ಬಜ್ಜಿ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಬರೆಯುವಷ್ಟರಲ್ಲೇ ವಾಟ್ಸಾಪಿನಲ್ಲಿ ಯಾರೋ ಆ ನೀರಿನ ಹರಳಿನ ಫೋಟೋ ಕಳಿಸಿದ್ದಾರೆ. ಜಪಾನಿನ ಮಸಾರು ಎಮೊಟೊ ಅವರದು: ಒಳ್ಳೆಯ ಸಂಗೀತ ಕೇಳಿದ ನೀರು ಸುಂದರ ಹರಳಾಯಿತಂತೆ, ಹೆವಿ ಮೆಟಲ್ ಕೇಳಿದ್ದು ಒಡೆದುಹೋಯಿತಂತೆ. "ನಮ್ಮ ದೇಹದಲ್ಲೂ ನೀರೇ ಅಲ್ಲವೇ?" ಅಂತ ಕೊನೆಯಲ್ಲಿ ಕೈಮುಗಿದ ಚಿಹ್ನೆ. ಒಂದೇ ಲೋಟದ ನೀರಿನಲ್ಲಿ ನೂರು ಬಗೆ ಹರಳು ಸಿಗುತ್ತವೆ, ಬೇಕಾದ್ದನ್ನು ಆರಿಸಿಕೊಂಡರೆ ಯಾವ ಹಾಡಿಗೆ ಬೇಕಾದರೂ ಪದಕ ಕೊಡಬಹುದು. ಇಂಥದ್ದು ಕೇಳುವವರು ಕ್ರೂರಿಗಳಾಗುತ್ತಾರೆ ಅನ್ನುವವರೂ ಇದ್ದಾರೆ. ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದವರು 2019ರಲ್ಲಿ, ಹಿಂಸೆಯ ಹಾಡುಗಳಿಗೆ ಹೆಸರಾದ ಡೆತ್ ಮೆಟಲ್‌ನ ಅಭಿಮಾನಿಗಳ ಒಂದು ಕಣ್ಣಿಗೆ ಹಿಂಸೆಯ ಚಿತ್ರ, ಇನ್ನೊಂದಕ್ಕೆ ಸಾಧಾರಣ ಚಿತ್ರ ತೋರಿಸಿ ನೋಡಿದರು. ಹಿಂಸೆಯ ಚಿತ್ರಕ್ಕೆ ಅವರ ಮಿದುಳು ಉಳಿದವರಷ್ಟೇ ಬೆಚ್ಚುತ್ತಿತ್ತು, ಮರಗಟ್ಟಿರಲಿಲ್ಲ.

ಕೆಡುಕು ಇರುವುದು ವಾಲ್ಯೂಮಿನಲ್ಲಿ. 85 ಡೆಸಿಬಲ್‌ಗೆ ದಿನಕ್ಕೆ ಎಂಟು ಗಂಟೆ ಮಿತಿ. ಮೇಲೆ ಮೂರು ಮೂರು ಡೆಸಿಬಲ್ ಏರಿದ ಹಾಗೆ ಹೊತ್ತು ಅರ್ಧರ್ಧ ಇಳಿಯುತ್ತದೆ, 100 ಡೆಸಿಬಲ್‌ಗೆ ಕಾಲು ಗಂಟೆ ಅಷ್ಟೇ. ಅದು ಮೆರ್ಜ್‌ಬೌ ಆದರೂ ಸರಿ, ಬೀದಿ ಕೊನೆಯ ಪೆಂಡಾಲಿನ ಭಕ್ತಿಗೀತೆ ಆದರೂ ಸರಿ.

ಗೆಳೆಯನ ಊರು ದೊಡ್ಡಬಳ್ಳಾಪುರ. ಮನೆಯಲ್ಲೇ ನಾಲ್ಕು ಪವರ್‌ಲೂಮ್. ಲಾಳಿ ನಿಮಿಷಕ್ಕೆ ನೂರಕ್ಕೂ ಜಾಸ್ತಿ ಸಲ ಓಡುತ್ತದೆ, ಹೆಚ್ಚುಕಮ್ಮಿ ಸೆಕೆಂಡಿಗೆ ಎರಡು. ನಾವು ನಡೆಯುವ ಹೆಜ್ಜೆಯೂ ಅಷ್ಟೇ, ಫ್ರಂಟ್ 242ನಂಥವರ ಡ್ರಮ್ಮೂ ಅಷ್ಟೇ. ರಾತ್ರಿ ಮಗ್ಗದ ಸದ್ದಿಗೆ ನಿದ್ದೆ ಹೋಗುತ್ತಿದ್ದನಂತೆ, ಕರೆಂಟ್ ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತಂತೆ. ಇಂಗ್ಲೆಂಡಿನ ಉಕ್ಕಿನ ಊರು ಶೆಫೀಲ್ಡ್‌ನಲ್ಲಿ 1973ರಲ್ಲಿ ಕ್ಯಾಬರೆ ವಾಲ್ಟೇರ್, ಸ್ಲೊವೇನಿಯಾದ ಗಣಿಯ ಊರು ಟ್ರ್‌ಬೊವ್ಲೆಯಲ್ಲಿ 1980ರಲ್ಲಿ ಲೈಬಾಖ್, ಈ ಎರಡು ಬ್ಯಾಂಡುಗಳು ಹುಟ್ಟಿದ್ದು ಅವನಿಗೆ ಆಶ್ಚರ್ಯವೇ ಅಲ್ಲ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಅವರಪ್ಪನಿಗೆ ಈಗ ಕಿವಿ ಮಂದ. ಮಗ್ಗದ ಗದ್ದಲ ಸಾಮಾನ್ಯವಾಗಿ ಮೊದಲು ತಿನ್ನುವುದು 4000 ಹರ್ಟ್ಸ್ ಸುತ್ತಲಿನ ಕೇಳ್ಮೆಯನ್ನು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಛಣ್ ಅವರಿಗೆ ಕೇಳುವುದಿಲ್ಲ. ಗೆಳೆಯ ನಾಯ್‌ಬೌಟೆನ್ ಹಾಕಿದ. ಅವರು ಸ್ಪೀಕರ್ ಡಬ್ಬದ ಮೇಲೆ ಅಂಗೈ ಇಟ್ಟು ಕೂತರು. ಸ್ವಲ್ಪ ಹೊತ್ತು ಬಿಟ್ಟು, "ಯಾರ ಮಗ್ಗನೋ ಇದು? ಒಂದು ಏಟು ತಡವಾಗಿ ಬೀಳ್ತೈತೆ. ಬೆಲ್ಟ್ ನೋಡೋಕೆ ಹೇಳು" ಅಂದರು.

ಆಮೇಲೆ ನಾನು ನನ್ನ ಮೆರ್ಜ್‌ಬೌ ಹಾಕಿದೆ. ಅರ್ಧ ನಿಮಿಷ ಅಂಗೈ ಹಾಗೇ ಇಟ್ಟಿದ್ದರು. ಆಮೇಲೆ ಕೈ ತೆಗೆದು, ಮೇಲೆ ಫ್ಯಾನ್ ನೋಡಿದರು.

"ಕರೆಂಟ್ ಹೋಯ್ತೇನೋ?"