‘ಸುಗಮೀಕರಣ’ ಅಂದರೆ ಸುಂಕ ಇಳಿಕೆ ಅಲ್ಲ

ಮೊನ್ನೆ ಮಂಗಳೂರಿನ ಒಂದು ಸಭೆಯ ಆಮಂತ್ರಣ ವಾಟ್ಸಾಪಿನಲ್ಲಿ ಬಂತು. ವಿಷಯ ‘ವ್ಯಾಪಾರ ಸುಗಮೀಕರಣ’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಮದು ಸುಂಕ ಇಳಿದರೆ ಗೇರುಬೀಜ ಉದ್ಯಮಕ್ಕೆ ಆಗುವ ಲಾಭ’ ಅಂತ ಬರೆದಿತ್ತು. ಗಡಿ ದಾಟುವ ಸರಕಿನ ಕಾಗದಪತ್ರ, ತಪಾಸಣೆಯ ಕೆಲಸವನ್ನು ಸಲೀಸು ಮಾಡುವುದಕ್ಕೆ ಇರುವ ಪದವನ್ನು ಸುಂಕ ಇಳಿಕೆಗೆ ಅಂಟಿಸುವ ಈ ತಪ್ಪನ್ನು ನಾನು ಈ ವರ್ಷ ನೋಡುತ್ತಿರುವುದು ನಾಲ್ಕನೇ ಸಲ. ಒಮ್ಮೆ ಪತ್ರಿಕೆಯ ತಲೆಬರಹದಲ್ಲಿ, ಒಮ್ಮೆ ಕಾಮರ್ಸ್ ಓದುವ ಮಕ್ಕಳ ನೋಟ್ಸಿನಲ್ಲಿ, ಇನ್ನೊಮ್ಮೆ ಒಂದು ಭಾಷಣದಲ್ಲಿ. ಇನ್ನು ಸುಮ್ನೆ ಇರಲು ಆಗಲಿಲ್ಲ.

ನಮ್ಮ ಹೆದ್ದಾರಿಯನ್ನೇ ನೋಡಿ. ಹೆಜಮಾಡಿ ಟೋಲ್‌ಗೇಟಿಗೆ ಫಾಸ್ಟ್ಯಾಗ್ ಬಂತು. ಅದರಿಂದ ಟೋಲ್ ದರವೇನೂ ಇಳಿಯಲಿಲ್ಲ. ಚಿಲ್ಲರೆಗಾಗಿ ತಡಕಾಡುತ್ತಾ ಸಾಲಿನಲ್ಲಿ ನಿಲ್ಲುವುದು ಕಡಿಮೆಯಾಯಿತು. ಸುರತ್ಕಲ್‌ನಲ್ಲಿ ಆದದ್ದು ಬೇರೆ. ಜನ ಹೋರಾಡಿದರು, 2022ರ ಡಿಸೆಂಬರ್‌ನಲ್ಲಿ ಅಲ್ಲಿ ವಸೂಲಿಯೇ ನಿಂತಿತು. ಹೆಜಮಾಡಿಯಲ್ಲಿ ಆದದ್ದು ಸುಗಮೀಕರಣ. ಸುರತ್ಕಲ್‌ನಲ್ಲಿ ಆದದ್ದು ಸುಂಕ ರದ್ದು. ಎರಡೂ ಒಳ್ಳೆಯದೇ ಇರಬಹುದು, ಆದರೆ ಎರಡೂ ಒಂದೇ ಅಲ್ಲ. ಕರಾವಳಿಯ ಯಾವ ಲಾರಿ ಡ್ರೈವರನ್ನು ಕೇಳಿದರೂ ಈ ವ್ಯತ್ಯಾಸ ಹೇಳುತ್ತಾನೆ.

ಪದದ ಒಳಗೇ ಉತ್ತರ ಇದೆ. ‘ಗಮ’ ಅಂದರೆ ಹೋಗುವುದು. ಗಮನ, ಆಗಮನ, ನಿರ್ಗಮನ ಎಲ್ಲ ಅದೇ ಬೇರಿನಿಂದ ಬಂದವು. ‘ಸು’ ಸೇರಿದರೆ ಸುಗಮ, ಸಲೀಸಾಗಿ ಹೋಗಬಹುದಾದದ್ದು. ‘ದುರ್’ ಸೇರಿದರೆ ದುರ್ಗಮ. ಕೋಟೆಗೆ ‘ದುರ್ಗ’ ಅನ್ನುವುದೂ ಇದೇ ಕಾರಣಕ್ಕೆ. ಸುಲಭಕ್ಕೆ ಒಳಗೆ ಹೋಗಲಾಗದ ಜಾಗ ಅದು. ಚಿತ್ರದುರ್ಗದ ಹೆಸರಿನಲ್ಲೂ ಈ ದುರ್ಗವೇ ಇರುವುದು. ಕೋಟೆಯ ಬಾಗಿಲಲ್ಲಿ ಎಷ್ಟು ಸುಂಕ ವಸೂಲಿ ಮಾಡುತ್ತಾರೆ ಅನ್ನುವುದು ಒಂದು ಪ್ರಶ್ನೆ. ಬಾಗಿಲು ದಾಟಲು ಎಷ್ಟು ದಿನ ಬೇಕು ಅನ್ನುವುದು ಬೇರೆಯೇ ಪ್ರಶ್ನೆ. ಸುಗಮೀಕರಣ ಎರಡನೆಯದಕ್ಕೆ ಸೇರಿದ ಮಾತು.

ಕೆಲವರು ‘ಸರಳೀಕರಣ’ ಅಂತ ಬರೆಯುತ್ತಾರೆ. ಅದು ತಪ್ಪಲ್ಲ, ಆದರೆ ಸಾಲದು. ಸರಳ ಅಂದರೆ ನೇರ. ಶಾಲೆಯ ಸರಳ ರೇಖೆ ನೆನಪಿದೆ ಅಲ್ವಾ? ಹತ್ತು ಅರ್ಜಿಯನ್ನು ಎರಡಕ್ಕೆ ಇಳಿಸಿದರೆ ಅದು ಸರಳೀಕರಣ. ಕಾಗದದ ಕೆಲಸವನ್ನು ಕಂಪ್ಯೂಟರಿಗೆ ತರುವುದು, ಬೇರೆ ಬೇರೆ ದೇಶಗಳ ಕ್ರಮಗಳನ್ನು ಒಂದಕ್ಕೊಂದು ಹೊಂದಿಸುವುದು, ಇವೂ ಸೇರಿದಾಗ ಸುಗಮೀಕರಣ.

ಇನ್ನು ‘ಸುಂಕ’. ಇದು ಸಂಸ್ಕೃತದ ‘ಶುಲ್ಕ’ದ ತದ್ಭವ. ಮೂಲದಲ್ಲಿ ಎರಡೂ ಒಂದೇ ಪದ. ಕನ್ನಡದಲ್ಲಿ ಮಾತ್ರ ಇವು ಬೇರೆ ಬೇರೆ ಕೆಲಸ ಹಿಡಿದಿವೆ. ಸುಂಕ ಅಂದರೆ ಸರಕಿನ ಮೇಲಿನ ತೆರಿಗೆ, ಶುಲ್ಕ ಅಂದರೆ ಯಾವುದೋ ಸೇವೆಗೆ ಕೊಡುವ ಫೀಸು. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮೀಕರಣ ಒಪ್ಪಂದವೂ ಇದೇ ಗೆರೆ ಎಳೆಯುತ್ತದೆ. ಅದರ 6ನೇ ವಿಧಿ ಇರುವುದು ಶುಲ್ಕದ ಬಗ್ಗೆ. ಆಮದು, ರಫ್ತು ಸುಂಕಗಳನ್ನು ಅದು ಹೆಸರಿಸಿಯೇ ಹೊರಗಿಟ್ಟಿದೆ. ಕಸ್ಟಮ್ಸ್‌ನವರು ಕಾಗದಪತ್ರ ನೋಡಿಕೊಡಲು ತೆಗೆದುಕೊಳ್ಳುವ ಶುಲ್ಕ ಆ ಕೆಲಸದ ಖರ್ಚಿನ ಆಸುಪಾಸಿನಲ್ಲೇ ಇರಬೇಕು ಅನ್ನುತ್ತದೆ. ಸುಂಕ ಎಷ್ಟಿರಬೇಕು ಅನ್ನುವುದಕ್ಕೆ ಅದು ಕೈ ಹಾಕುವುದೇ ಇಲ್ಲ. ನಮ್ಮ ಭಾಷೆಯಲ್ಲಿ ಇಷ್ಟು ಚೆನ್ನಾಗಿ ಬೇರೆಯಾಗಿರುವ ಎರಡು ಪದ ಇಟ್ಟುಕೊಂಡು ಅರ್ಥ ಕಲಸುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ’ ಅಂತ ಗಾದೆ ಇದೆ. ಅದರ ನೋವು ಸುಂಕ ಜಾಸ್ತಿ ಅನ್ನುವುದಲ್ಲ. ಹೇಳಿದ್ದನ್ನು ಕೇಳುವವರಿಲ್ಲ ಅನ್ನುವುದು. ಒಪ್ಪಂದದ ಮೊದಲ ಕೆಲವು ವಿಧಿಗಳು ಹೆಚ್ಚುಕಡಿಮೆ ಈ ನೋವಿನ ಬಗ್ಗೆಯೇ ಇವೆ. ನಿಯಮಗಳನ್ನು ಎಲ್ಲರಿಗೂ ಸಿಗುವ ಹಾಗೆ ಪ್ರಕಟಿಸಬೇಕು. ಪ್ರಶ್ನೆ ಕೇಳಲು ಒಂದು ವಿಚಾರಣಾ ಕೇಂದ್ರ ಇರಬೇಕು. ಸರಕು ಯಾವ ಪಟ್ಟಿಗೆ ಸೇರುತ್ತದೆ ಅಂತ ಮೊದಲೇ ಲಿಖಿತ ತೀರ್ಮಾನ ಪಡೆಯುವ ದಾರಿ ಇರಬೇಕು. ಅಧಿಕಾರಿಯ ನಿರ್ಧಾರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಇರಬೇಕು.

ನಾನು ಕೆಲವು ವರ್ಷ ಮಂಗಳೂರಿನ ಪಣಂಬೂರು ಬಂದರಿನಲ್ಲಿ, ಆಮದುದಾರರ ಪರವಾಗಿ ಕಸ್ಟಮ್ಸ್ ಕಾಗದದ ಕೆಲಸ ಮಾಡಿಕೊಡುವ ಒಂದು ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ಆಗ ಆಫ್ರಿಕಾದಿಂದ ಬಂದ ಕಚ್ಚಾ ಗೇರುಬೀಜದ ಕಂಟೇನರುಗಳು ಎಂಟು ದಿನ ಪಣಂಬೂರಿನಲ್ಲೇ ಕೂತವು. ಹಡಗಿಗೆ ಏರಿಸಿದ ಸರಕಿಗೆ ಕೊಡುವ ರಸೀದಿಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಕಾರ್ಖಾನೆಯ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು, ಅಷ್ಟೆ. ಸುಂಕದ ಲೆಕ್ಕದಲ್ಲಿ ಯಾವ ತಕರಾರೂ ಇರಲಿಲ್ಲ. ಅತ್ತ ತಿದ್ದುಪಡಿ ಪತ್ರ ಬರಬೇಕು, ಇತ್ತ ಡೆಮರೇಜ್, ಅಂದರೆ ಸರಕು ತಡವಾಗಿ ಎತ್ತಿದ್ದಕ್ಕೆ ಕೊಡುವ ದಂಡ, ಏರಬೇಕು. ಕಾರ್ಖಾನೆಯ ಯಜಮಾನರು ದಿನಾ ಫೋನ್ ಮಾಡಿ, “ಬೀಜ ಯಾವಾಗ ಮಾರಾಯ್ರೇ? ಹೆಂಗಸರು ಕೆಲಸ ಇಲ್ಲದೆ ಮನೆಗೆ ಹೋಗ್ತಿದ್ದಾರೆ” ಅನ್ನುತ್ತಿದ್ದರು. ಸುಂಕವನ್ನು ಸೊನ್ನೆಗೆ ಇಳಿಸಿದ್ದರೂ ಆ ಎಂಟು ದಿನದಲ್ಲಿ ಒಂದು ಗಂಟೆಯೂ ಕಡಿಮೆ ಆಗುತ್ತಿರಲಿಲ್ಲ.

ಹಡಗು ಮುಟ್ಟುವ ಮೊದಲೇ ಕಾಗದ ಪರಿಶೀಲಿಸಬೇಕು ಅನ್ನುವ ನಿಯಮ ಒಪ್ಪಂದದಲ್ಲಿದೆ. ಸುಂಕ ಎಷ್ಟು ಅಂತ ಕೊನೆಗೆ ತೀರ್ಮಾನ ಆಗದಿದ್ದರೂ, ಖಾತರಿ ತೆಗೆದುಕೊಂಡು ಸರಕು ಬಿಡಬಹುದು ಅನ್ನುವುದೂ ಇದೆ. ಬೇಗ ಹಾಳಾಗುವ ಸರಕನ್ನು ಆದಷ್ಟು ಬೇಗ ಬಿಡಬೇಕು, ತಪಾಸಣೆಯಲ್ಲಿ ಮೊದಲು ನೋಡಬೇಕು ಅನ್ನುವ ಮಾತೂ ಇದೆ. ಮಲ್ಪೆಯ ಮೀನಿನವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಭಾರತದಲ್ಲಿ 2016ರ ಏಪ್ರಿಲ್‌ನಿಂದ ಕಸ್ಟಮ್ಸ್‌ನ ಏಕಗವಾಕ್ಷಿ ವ್ಯವಸ್ಥೆ ಇದೆ. ಪ್ಲಾಂಟ್ ಕ್ವಾರಂಟೈನ್ (ಸಸ್ಯಗಳ ರೋಗ, ಕೀಟ ಒಳಬರದಂತೆ ನೋಡುವ ಇಲಾಖೆ), ಆಹಾರ ಸುರಕ್ಷತೆಯಂಥ ಇಲಾಖೆಗಳಿಗೆ ಬೇಕಾದ ವಿವರವನ್ನೂ ಅಲ್ಲೇ ಒಂದೇ ಸಲ ತುಂಬಿದರಾಯಿತು.

ಒಪ್ಪಂದದ ಇತಿಹಾಸ ಚಿಕ್ಕದಾಗಿ ಹೇಳುತ್ತೇನೆ. 1996ರಲ್ಲಿ ಸಿಂಗಾಪುರದಲ್ಲಿ ಮಾತು ಶುರುವಾಯಿತು. 2013ರ ಡಿಸೆಂಬರ್‌ನಲ್ಲಿ ಬಾಲಿಯಲ್ಲಿ ಒಪ್ಪಿಗೆ ಸಿಕ್ಕಿತು. ಭಾರತ 2016ರ ಏಪ್ರಿಲ್‌ನಲ್ಲಿ ಅನುಮೋದಿಸಿತು. ಮೂರನೇ ಎರಡು ಭಾಗ ಸದಸ್ಯರು ಒಪ್ಪಿದ ಮೇಲೆ 2017ರ ಫೆಬ್ರವರಿ 22ರಂದು ಜಾರಿಗೆ ಬಂತು.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ‘ಬಡ ದೇಶಗಳಿಗೆ ಇದರಲ್ಲಿ ವಿನಾಯಿತಿ ಇದೆ’ ಅನ್ನುತ್ತಾರೆ. ವಿನಾಯಿತಿ ಅಂದರೆ ಮಾಡಬೇಕಾಗಿಲ್ಲ ಅಂತ. ಇಲ್ಲಿ ಹಾಗಿಲ್ಲ. ಮಾಡಲೇಬೇಕು, ಆದರೆ ಯಾವಾಗ ಮತ್ತು ಯಾರ ನೆರವಿನಿಂದ ಅಂತ ಆ ದೇಶವೇ ಹೇಳುತ್ತದೆ. ಪ್ರತಿ ಅಭಿವೃದ್ಧಿಶೀಲ ದೇಶ ನಿಯಮಗಳನ್ನು ತಾನೇ ಮೂರು ಗುಂಪು ಮಾಡುತ್ತದೆ. ‘ಎ’ ಗುಂಪಿನದು ಒಪ್ಪಂದ ಜಾರಿಯಾದ ಕೂಡಲೇ. ತೀರಾ ಹಿಂದುಳಿದ ದೇಶಗಳಿಗೆ ಇದರಲ್ಲೂ ಒಂದು ವರ್ಷ ಜಾಸ್ತಿ ಸಮಯ. ‘ಬಿ’ ಗುಂಪಿನದು ಸ್ವಲ್ಪ ಕಾಲ ಬಿಟ್ಟು. ‘ಸಿ’ ಗುಂಪಿಗೆ ಕಾಲವೂ ಬೇಕು, ಹೊರಗಿನ ನೆರವೂ ಬೇಕು. ನೆರವು ಅಂದರೆ ತರಬೇತಿ, ಕಂಪ್ಯೂಟರ್ ವ್ಯವಸ್ಥೆ, ಕಾನೂನು ಬರೆಯಲು ಸಹಾಯ ಇಂಥದ್ದು. ಶಕ್ತಿ ಬರುವ ತನಕ ಆ ನಿಯಮವನ್ನು ಜಾರಿ ಮಾಡಬೇಕೆಂಬ ಒತ್ತಾಯ ಇಲ್ಲ ಅಂತ 13ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಎಲ್ಲರಿಗೂ ಒಂದೇ ಗಡುವು ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ಇದಲ್ಲ. ನನಗೆ ಈ ಒಪ್ಪಂದದಲ್ಲಿ ತುಂಬ ಇಷ್ಟವಾದ ಭಾಗ ಇದೇ. ಇದನ್ನು ‘ಸಾಮರ್ಥ್ಯಕ್ಕೆ ತಕ್ಕ ಜಾರಿ’ ಅಂತ ಬರೆಯಿರಿ.

ಭಾರತ ‘ಸಿ’ ಗುಂಪಿಗೆ ಯಾವ ನಿಯಮವನ್ನೂ ಹಾಕಿಲ್ಲ. ‘ಎ’ ಮತ್ತು ‘ಬಿ’ ಮಾತ್ರ. ಹಾಗಾದರೆ ಆ ನೆರವು ನಮಗೇಕೆ ಮುಖ್ಯ? ನಮ್ಮ ಕಾರ್ಖಾನೆಗಳಿಗೆ ಬೀಜ ಬರುವುದು ತಾಂಜಾನಿಯಾ, ಐವರಿ ಕೋಸ್ಟ್‌ನಂಥ ದೇಶಗಳಿಂದ. ಅಲ್ಲಿಯ ಬಂದರಿನಲ್ಲಿ ಕಾಗದ ತಡವಾದರೆ ಇಲ್ಲಿ ಬೀಜ ಒಡೆಯುವ ಕೆಲಸ ನಿಲ್ಲುತ್ತದೆ. ಪಣಂಬೂರನ್ನು ಎಷ್ಟೇ ಸುಗಮ ಮಾಡಿದರೂ ದಾರಿಯ ಆ ತುದಿ ದುರ್ಗಮವಾಗಿಯೇ ಉಳಿದರೆ ಸರಕು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಆ ತುದಿಯ ಕಸ್ಟಮ್ಸ್ ಗುಮಾಸ್ತನಿಗೆ ಸಿಗುವ ತರಬೇತಿ ಇಲ್ಲಿ ಬೀಜ ಒಡೆಯುವ ಹೆಂಗಸಿನ ಕೂಲಿಗೂ ಸೇರಿದ್ದು.

ಆಮಂತ್ರಣ ಕಳಿಸಿದವರಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಸಭೆ ಸುಂಕದ ಬಗ್ಗೆಯೇ ಆದರೆ ‘ಸುಂಕ ಇಳಿಕೆ’ ಅಂತಲೇ ಹಾಕಿ, ಚೆನ್ನಾಗಿ ಅರ್ಥವಾಗುವ ಪದ ಅದು ಅಂದೆ. ಅವರು ಕೇಳಿಸಿಕೊಂಡರು. ಸಂಜೆ ಹೊಸ ಆಮಂತ್ರಣ ಬಂತು. ಸುಗಮೀಕರಣ ಹಾಗೇ ಇತ್ತು. ಕೆಳಗಿನ ಸಾಲು ಮಾತ್ರ ಬದಲಾಗಿತ್ತು: ‘ಬಂದರಿನಲ್ಲಿ ಗೇರುಬೀಜ ಕಾಯುವ ದಿನಗಳನ್ನು ಕಡಿಮೆ ಮಾಡುವುದು ಹೇಗೆ?’